ನಮ್ಮ ಸೀಮೆಯಲ್ಲಿ ಕ್ಯಾನ್ಸರ್ ಹೆಚ್ಚಾಗಿದೆಯೇ?

(ಶಿರಸಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಗೆ ಕರೆಯುವಾಗ ಸಂಘಟಕರು ಫೋನಿನಲ್ಲಿ ಹೇಳಿದ ಮಾತು ಇದು: "ನಮ್ಮ ಜನ ಕೇಳುವುದು ಒಂದೇ ಪ್ರಶ್ನೆ. ಕೈಗಾ ಅಣುವಿದ್ಯುತ್ ಸ್ಥಾವರ ಬಂದ ಮೇಲೆ ಈ ಜಿಲ್ಲೆಯಲ್ಲಿ ಕ್ಯಾನ್ಸರ್ ಹೆಚ್ಚಾಗಿದೆಯೋ ಇಲ್ಲವೋ, ಹೇಳಿಬಿಡಿ." ಹೇಳಿಬಿಡುವುದೇನೂ ಕಷ್ಟವಲ್ಲ. ಹೌದು ಎಂದರೆ ಸಭೆಯ ಒಂದು ಭಾಗ ಚಪ್ಪಾಳೆ ತಟ್ಟುತ್ತದೆ, ಇಲ್ಲ ಎಂದರೆ ಇನ್ನೊಂದು ಭಾಗ ತಲೆಯಾಡಿಸುತ್ತದೆ. ಆದರೆ ನನ್ನ ಕಸುಬು ಎಣಿಕೆಯದು. ಹೌದು ಅಥವಾ ಇಲ್ಲ ಎನ್ನುವ ಮೊದಲು ಯಾರು ಎಣಿಸಿದರು, ಎಷ್ಟು ಜನರ ನಡುವೆ ಎಣಿಸಿದರು, ಎಂದಿನಿಂದ ಎಣಿಸುತ್ತಿದ್ದಾರೆ ಎಂದು ಕೇಳುವುದು ನಮ್ಮಂಥವರ ಅಭ್ಯಾಸ. ಇವತ್ತು ಆ ಅಭ್ಯಾಸವನ್ನು ನಿಮಗೂ ಸ್ವಲ್ಪ ಅಂಟಿಸಿ ಹೋಗುವ ಆಸೆ ನನ್ನದು.

ಶಾಲೆಯಲ್ಲಿ ಭಿನ್ನರಾಶಿ ಕಲಿತಿದ್ದೀರಿ. ಮೇಲಿನದು ಅಂಶ, ಕೆಳಗಿನದು ಛೇದ. ಕ್ಯಾನ್ಸರಿನ ಪ್ರಮಾಣವೆಂದರೆ ಅಷ್ಟೇ: ಒಂದು ವರ್ಷದಲ್ಲಿ ಹೊಸದಾಗಿ ಪತ್ತೆಯಾದವರ ಸಂಖ್ಯೆ ಅಂಶ, ಆ ಪ್ರದೇಶದ ಜನಸಂಖ್ಯೆ ಛೇದ. ಲಕ್ಷಕ್ಕೆ ಇಷ್ಟು ಎಂದು ಹೇಳುತ್ತೇವೆ. "ನಮ್ಮ ಕೇರಿಯಲ್ಲಿ ಈ ವರ್ಷ ನಾಲ್ವರಿಗೆ ಬಂತು" ಎನ್ನುವಾಗ ನಮ್ಮ ಕೈಯಲ್ಲಿರುವುದು ಅಂಶ ಮಾತ್ರ. ಅದೂ ನೆನಪಿನಿಂದ ತೆಗೆದದ್ದು. ಕಳೆದ ವರ್ಷ ಕಾಯಿಲೆ ಬಿದ್ದು ಗುಣವಾದವರು, ಐದು ವರ್ಷದ ಹಿಂದೆ ಪತ್ತೆಯಾಗಿ ಈಗ ತೀರಿಕೊಂಡವರು, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು, ಎಲ್ಲರೂ ಆ ನಾಲ್ವರಲ್ಲಿ ಸೇರಿಕೊಂಡಿರುತ್ತಾರೆ.

ನಮ್ಮ ದೇಶದಲ್ಲಿ ಈ ಅಂಶವನ್ನು ಕ್ರಮವಾಗಿ ಎಣಿಸಲು ಕ್ಯಾನ್ಸರ್ ನೋಂದಣಿ ಕೇಂದ್ರಗಳಿವೆ. ಮುಂಬಯಿಯಲ್ಲಿ 1963ರಲ್ಲಿಯೇ ಒಂದು ಶುರುವಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೆತ್ತಿಕೊಂಡ ಮೇಲೆ 1982ರ ಜನವರಿಯಿಂದ ಬೆಂಗಳೂರು ಮತ್ತು ಮದರಾಸಿನಲ್ಲಿ ಎಣಿಕೆ ಆರಂಭವಾಯಿತು. ಬೆಂಗಳೂರಿನ ಕೆಲಸ ಕಿದ್ವಾಯಿ ಸಂಸ್ಥೆಯದು. ಅಂದರೆ ಬೆಂಗಳೂರಿನ ಮಟ್ಟಿಗೆ ನಲವತ್ತು ವರ್ಷಕ್ಕೂ ಹೆಚ್ಚಿನ ಲೆಕ್ಕ ನಮ್ಮಲ್ಲಿದೆ. ಶಿರಸಿಗೆ, ಕಾರವಾರಕ್ಕೆ, ಯಾದಗಿರಿಗೆ ಅಂಥ ಉದ್ದದ ಲೆಕ್ಕವಿಲ್ಲ. ಇಡೀ ದೇಶದಲ್ಲಿ ಈ ಬಗೆಯ ನೋಂದಣಿಯ ಒಳಗಿರುವವರು ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲಿನ ಬಗ್ಗೆ ಪತ್ರಿಕೆಯಲ್ಲಿ ಬರುವ ಅಂಕಿಗಳೆಲ್ಲ ಅಂದಾಜು.

ಈ ಎಣಿಕೆ ಮೇಜಿನ ಮುಂದೆ ಕೂತು ಆಗುವಂಥದ್ದಲ್ಲ. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿವೆ. ಆದರೂ ನಡೆಯುವುದೇನೆಂದರೆ, ನೋಂದಣಿಯ ಸಿಬ್ಬಂದಿಯೇ ಆಸ್ಪತ್ರೆಯ ದಾಖಲೆ ಕೋಣೆಗೆ, ಬಯಾಪ್ಸಿ ನೋಡುವ ಪ್ರಯೋಗಾಲಯಕ್ಕೆ, ಮರಣ ನೋಂದಣಿ ಕಚೇರಿಗೆ ಹೋಗಿ ಒಂದೊಂದೇ ಕಡತ ತೆರೆದು ಬರೆದುಕೊಳ್ಳುತ್ತಾರೆ. ಒಂದು ಕಡತವನ್ನು ಊಹಿಸಿಕೊಳ್ಳಿ. ಹೆಸರು ಗಣಪತಿ ಹೆಗಡೆ, ವಯಸ್ಸು 64, ಅನ್ನನಾಳದ ಕ್ಯಾನ್ಸರ್, ವಿಳಾಸ ಯಶವಂತಪುರ. ಮುಗಿಯಿತೇ? ಇಲ್ಲ. ಒಂದು ವರ್ಷವಾದರೂ ಅಲ್ಲಿ ವಾಸವಿದ್ದವರನ್ನು ಮಾತ್ರ ಆ ಊರಿನ ಲೆಕ್ಕಕ್ಕೆ ಸೇರಿಸಬೇಕು ಎಂಬುದು ನಿಯಮ. ಸಿಬ್ಬಂದಿ ರೋಗಿಯನ್ನೋ ಮನೆಯವರನ್ನೋ ಕೇಳಿದಾಗ ಅದು ಮಗನ ಮನೆಯ ವಿಳಾಸ, ಇವರು ಬಂದು ಹದಿನೈದು ದಿನವಾಯಿತು, ಊರು ಸಿದ್ದಾಪುರದ ಹತ್ತಿರ ಎಂದು ಗೊತ್ತಾಗುತ್ತದೆ. ಕೇಳದೇ ಬಿಟ್ಟರೆ ಸಿದ್ದಾಪುರದ ರೋಗಿ ಬೆಂಗಳೂರಿನವರಾಗುತ್ತಾರೆ. ಇನ್ನೊಂದು ಆಸ್ಪತ್ರೆಯಲ್ಲಿ ಅವರೇ ಜಿ. ಎಸ್. ಹೆಗಡೆ ಎಂದು ದಾಖಲಾಗಿದ್ದರೆ ಒಬ್ಬರು ಇಬ್ಬರಾಗುತ್ತಾರೆ. ಅರ್ಧ ಊರೇ ಗಣಪತಿ ಹೆಗಡೆಯಾಗಿರುವ ಸೀಮೆಯಲ್ಲಿ ಇಬ್ಬರನ್ನು ಒಬ್ಬರೆಂದು ಬಗೆದು ಒಂದು ಕಡತ ಕೈಬಿಡುವ ಅಪಾಯವೂ ಇದೆ. ನಗಬೇಡಿ, ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ.

ಈಗ ನಿಮ್ಮ ಜಿಲ್ಲೆಯನ್ನು ನೋಡಿ. ಇಲ್ಲಿಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನೀವೆಲ್ಲ ಎಷ್ಟು ಗಲಾಟೆ ಮಾಡಿದ್ದೀರಿ ಎಂದು ನನಗೆ ಗೊತ್ತು. ಗಂಟಲಿನಲ್ಲಿ ಅನ್ನ ಇಳಿಯದಿದ್ದರೆ ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಹಳಿಯಾಳದವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ, ಕೈಯಲ್ಲಿ ಸ್ವಲ್ಪ ಹಣವಿದ್ದವರು ಬೆಂಗಳೂರಿಗೆ ಅಥವಾ ಮುಂಬಯಿಗೆ. ಹಾಗಾಗಿ ಯಾವುದೋ ಒಂದು ಆಸ್ಪತ್ರೆಯವರು "ನಮ್ಮಲ್ಲಿಗೆ ಬರುವ ಉತ್ತರ ಕನ್ನಡದ ಕ್ಯಾನ್ಸರ್ ರೋಗಿಗಳು ಹತ್ತು ವರ್ಷದಲ್ಲಿ ಎರಡು ಪಟ್ಟಾದರು" ಎಂದು ಹೇಳಿದರೆ ನೀವು ಕೇಳಬೇಕಾದದ್ದು ಇದು: ಆ ಹತ್ತು ವರ್ಷದಲ್ಲಿ ಅವರು ಹೊಸ ಯಂತ್ರ ತಂದರೇ? ಸರ್ಕಾರದ ವಿಮಾ ಯೋಜನೆಗೆ ಸೇರಿದರೇ? ರಸ್ತೆ ಸುಧಾರಿಸಿತೇ? ಆಸ್ಪತ್ರೆಗೆ ಬಂದವರ ಲೆಕ್ಕ ಆಸ್ಪತ್ರೆಯ ಲೆಕ್ಕ. ಅದು ಊರಿನ ಲೆಕ್ಕವಲ್ಲ.

ಛೇದದ ಕಥೆ ಇನ್ನೂ ತಮಾಷೆ. 2011ರ ನಂತರ ಜನಗಣತಿ ನಡೆಯಲಿಲ್ಲ. 2021ರಲ್ಲಿ ಆಗಬೇಕಾದದ್ದು ಮುಂದೆ ಹೋಯಿತು. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಇದ್ದವರು ಸುಮಾರು 96 ಲಕ್ಷ. ಆ ಮೇಲಿನ ಎಲ್ಲ ವರ್ಷಗಳ ಜನಸಂಖ್ಯೆಯೂ ಲೆಕ್ಕಾಚಾರದಿಂದ ಬೆಳೆಸಿದ್ದು. ವರ್ಷಕ್ಕೆ 12,000 ಹೊಸ ರೋಗಿಗಳು ಎಂದು ಇಟ್ಟುಕೊಳ್ಳಿ, ಇದು ಉದಾಹರಣೆಯ ಸಂಖ್ಯೆ. ಊರಿನಲ್ಲಿ 1.2 ಕೋಟಿ ಜನ ಎಂದರೆ ಲಕ್ಷಕ್ಕೆ 100, 1.4 ಕೋಟಿ ಎಂದರೆ 86. ಒಬ್ಬ ರೋಗಿಯೂ ಕಡಿಮೆಯಾಗದೆ ಕ್ಯಾನ್ಸರ್ ಇಳಿದಂತೆ ಕಾಣುತ್ತದೆ.

ಇನ್ನು ವಯಸ್ಸು. ಊರಿಂದೂರಿಗೆ ಹೋಲಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕ್ಯಾನ್ಸರ್ ಬಹುಮಟ್ಟಿಗೆ ವಯಸ್ಸಾದವರ ಕಾಯಿಲೆ. ಎರಡು ತಾಲ್ಲೂಕು ಕಲ್ಪಿಸಿಕೊಳ್ಳಿ. ಎರಡರಲ್ಲೂ ಅರವತ್ತರ ಒಳಗಿನವರಲ್ಲಿ ಲಕ್ಷಕ್ಕೆ 40, ಅರವತ್ತು ದಾಟಿದವರಲ್ಲಿ ಲಕ್ಷಕ್ಕೆ 500. ಅಪಾಯ ಎರಡೂ ಕಡೆ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೊದಲನೆಯದರಲ್ಲಿ ಅರವತ್ತು ದಾಟಿದವರು ನೂರಕ್ಕೆ 8, ಎರಡನೆಯದರಲ್ಲಿ ನೂರಕ್ಕೆ 16. ಕೂಡಿಸಿ ನೋಡಿದರೆ ಮೊದಲ ತಾಲ್ಲೂಕಿಗೆ ಲಕ್ಷಕ್ಕೆ 77, ಎರಡನೆಯದಕ್ಕೆ 114. ಮರುದಿನ ಪತ್ರಿಕೆಯಲ್ಲಿ ಎರಡನೆಯ ತಾಲ್ಲೂಕಿನ ನೀರು, ಗಾಳಿ, ತರಕಾರಿ ಎಲ್ಲದರ ಮೇಲೂ ಅನುಮಾನ. ನಿಮ್ಮ ಘಟ್ಟದ ಮೇಲಿನ ಹಳ್ಳಿಗಳಿಗೆ ಇದು ಚೆನ್ನಾಗಿ ಅನ್ವಯಿಸುತ್ತದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ, ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಕ್ಯಾನ್ಸರ್ ಬರುವ ವಯಸ್ಸಿನವರು ಊರಿನಲ್ಲಿ ಉಳಿದರು, ಛೇದವನ್ನು ದಪ್ಪ ಮಾಡಬೇಕಾದ ಹುಡುಗರು ಹೊರಟುಹೋದರು. ಅದಕ್ಕೇ ನಾವು ಪ್ರತಿ ವಯೋಮಾನದ ದರವನ್ನೂ ಬೇರೆ ಬೇರೆ ತೆಗೆದು ಒಂದು ಸಿದ್ಧ ಮಾದರಿಯ ಜನಸಂಖ್ಯೆಗೆ ಹೊಂದಿಸುತ್ತೇವೆ. ಇನ್ನು ಮುಂದೆ ನಾನು ಹೇಳುವ ನೋಂದಣಿ ಅಂಕಿಗಳೆಲ್ಲ ಹಾಗೆ ವಯಸ್ಸಿಗೆ ಹೊಂದಿಸಿದವು.

ವಯಸ್ಸು ಸರಿಪಡಿಸಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಮನೆಗೆ ಹೋಗಿ ಒಂದು ಹಿಡಿ ರಾಗಿಯನ್ನು ಟೈಲ್ಸ್ ನೆಲದ ಮೇಲೆ ಎರಚಿ ನೋಡಿ. ಒಂದು ಚೌಕದಲ್ಲಿ ಗುಂಪು, ಪಕ್ಕದ್ದರಲ್ಲಿ ಒಂದು ಕಾಳೂ ಇಲ್ಲ. ಯಾವ ಟೈಲ್ಸಿಗೂ ರಾಗಿಯನ್ನು ಸೆಳೆಯುವ ಗುಣವಿಲ್ಲ. ಸಣ್ಣ ಊರುಗಳ ಲೆಕ್ಕವೂ ಹೀಗೆಯೇ. ಮೂರು ಸಾವಿರ ಜನರ ಹಳ್ಳಿ, ಲಕ್ಷಕ್ಕೆ 100ರ ದರ ಎಂದರೆ ವರ್ಷಕ್ಕೆ ಸರಾಸರಿ ಮೂವರು. ಅಂಥ ಹಳ್ಳಿಯಲ್ಲಿ ಬರೀ ಆಕಸ್ಮಿಕವಾಗಿಯೇ ಒಂದು ವರ್ಷ ಆರು ಅಥವಾ ಹೆಚ್ಚು ಜನರಿಗೆ ಬರುವ ಸಂಭವ ನೂರಕ್ಕೆ ಎಂಟು. ಕರ್ನಾಟಕದಲ್ಲಿ ಸುಮಾರು 27 ಸಾವಿರ ಹಳ್ಳಿಗಳಿವೆ. ಎಲ್ಲವೂ ಇದೇ ಗಾತ್ರದವು ಎಂದುಕೊಂಡರೆ ಯಾವುದೇ ವರ್ಷ ತೆಗೆದುಕೊಂಡರೂ ಎರಡು ಸಾವಿರಕ್ಕೂ ಮಿಕ್ಕಿ ಹಳ್ಳಿಗಳಲ್ಲಿ ಕ್ಯಾನ್ಸರ್ "ಎರಡು ಪಟ್ಟು", ಸುಮಾರು ನೂರು ಹಳ್ಳಿಗಳಲ್ಲಿ "ಮೂರು ಪಟ್ಟು". ಒಬ್ಬರಿಗೂ ಬಾರದ ಹಳ್ಳಿಗಳು ಸಾವಿರದ ಮುನ್ನೂರರ ಆಸುಪಾಸು. ಆ ಸಾವಿರದ ಮುನ್ನೂರು ಹಳ್ಳಿಗೆ ಯಾವ ವರದಿಗಾರನೂ ಹೋಗುವುದಿಲ್ಲ. ಮೂರು ಪಟ್ಟಾದ ನೂರರಲ್ಲಿ ಯಾವುದಾದರೂ ಒಂದರ ಪಕ್ಕದಲ್ಲಿ ಕಾರ್ಖಾನೆಯೋ ಮೊಬೈಲ್ ಗೋಪುರವೋ ಇದ್ದೇ ಇರುತ್ತದೆ. ಹೀಗಾಗಿ ನೋಂದಣಿಯವರು ಸಣ್ಣ ಪ್ರದೇಶಕ್ಕೆ ಒಂದು ವರ್ಷದ ಅಂಕಿಯನ್ನು ನೆಚ್ಚುವುದಿಲ್ಲ. ಐದು ವರ್ಷ ಕೂಡಿಸಿ ನೋಡುತ್ತಾರೆ.

ಇಷ್ಟು ಕೇಳಿ "ಹಾಗಾದರೆ ಊರಿಂದೂರಿಗೆ ವ್ಯತ್ಯಾಸವೆಲ್ಲ ಭ್ರಮೆ" ಎಂದುಕೊಳ್ಳಬೇಡಿ. ಎಲ್ಲ ಜರಡಿ ಹಿಡಿದ ಮೇಲೂ ಉಳಿಯುವ ವ್ಯತ್ಯಾಸ ದಂಗುಬಡಿಸುವಂಥದ್ದು. 2012ರಿಂದ 2016ರವರೆಗಿನ ಅಂಕಿಗಳಲ್ಲಿ ಮಿಜೋರಾಮಿನ ಐಜ್ವಾಲ್ ಜಿಲ್ಲೆಯ ಗಂಡಸರಲ್ಲಿ ಲಕ್ಷಕ್ಕೆ 269.4. ನಮ್ಮ ಬಸವಕಲ್ಯಾಣದ ಗಡಿಯಾಚೆಯ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ), ಅದರ ಪಕ್ಕದ ಬೀಡ್ ಎರಡೂ ಸೇರಿ 39.5. ಒಂದೇ ದೇಶ, ಸುಮಾರು ಏಳು ಪಟ್ಟು ಅಂತರ. ಬೀಡ್ ಕಡೆ ಪತ್ತೆಯಾಗದೇ ಉಳಿದವರು ಒಂದಿಷ್ಟು ಇರಬಹುದು ಎಂದು ಬಿಟ್ಟುಕೊಟ್ಟರೂ ಏಳು ಪಟ್ಟು ಕರಗುವುದಿಲ್ಲ. ಐಜ್ವಾಲಿನಲ್ಲಿ ಜಠರದ ಕ್ಯಾನ್ಸರ್ ಹೆಚ್ಚು. ಅಲ್ಲಿ ಬೀಡಿ ಸಿಗರೇಟಿನ ಜೊತೆಗೆ ತಂಬಾಕಿನ ಹೊಗೆಯನ್ನು ನೀರಿನಲ್ಲಿ ಹಾಯಿಸಿ ಆ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ರೂಢಿಯಿದೆ, ಅದನ್ನು ತುಯಿಬುರ್ ಎನ್ನುತ್ತಾರೆ. ಹೊಗೆಯಲ್ಲಿ ಒಣಗಿಸಿದ ಮಾಂಸವೂ ಊಟದ ಭಾಗ. ಪಿತ್ತಕೋಶದ ಕ್ಯಾನ್ಸರ್ ದೆಹಲಿಯಿಂದ ಗಂಗೆಯ ಬಯಲಿನುದ್ದಕ್ಕೂ ಅಸ್ಸಾಮಿನವರೆಗೆ ಕಾಡುತ್ತದೆ, ನಮ್ಮ ದಕ್ಷಿಣದಲ್ಲಿ ಅಪರೂಪ.

ಮೇಘಾಲಯದ ಪೂರ್ವ ಖಾಸಿ ಬೆಟ್ಟದ ಜಿಲ್ಲೆಯನ್ನು ಇಲ್ಲಿ ಹೆಸರಿಸದೇ ಹೋದರೆ ತಪ್ಪಾಗುತ್ತದೆ, ಹೆಸರಿಸಿದರೆ ನಿಮಗೆ ಸಿಟ್ಟು ಬರುತ್ತದೆ. ಅಲ್ಲಿನ ಗಂಡಸರಲ್ಲಿ ಅನ್ನನಾಳದ ಕ್ಯಾನ್ಸರ್ ಒಂದೇ ಲಕ್ಷಕ್ಕೆ 70 ಮೀರಿದೆ. ಬೀಡ್ ಜಿಲ್ಲೆಯ ಎಲ್ಲ ಬಗೆಯ ಕ್ಯಾನ್ಸರನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಅಲ್ಲಿಯ ಜನ ಬೆಳಗಿನಿಂದ ರಾತ್ರಿಯವರೆಗೆ ಹಸಿ ಅಡಿಕೆ ಜಗಿಯುತ್ತಾರೆ, ತಂಬಾಕು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು, ತಂಬಾಕಿಲ್ಲದ ಬರೀ ಅಡಿಕೆಯನ್ನೇ, ಕ್ಯಾನ್ಸರಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿ ಇಪ್ಪತ್ತು ವರ್ಷ ದಾಟಿತು. ಶಿರಸಿಯ ಅಡಿಕೆ ಮಾರುಕಟ್ಟೆಗೆ ಕೂಗಳತೆಯಲ್ಲಿ ನಿಂತು ಈ ಮಾತು ಹೇಳುವುದು ಅಷ್ಟೇನೂ ಹಿತವಲ್ಲ. ತೋಟ ಮಾಡಿ ಬದುಕುವವರ ಹೊಟ್ಟೆಯ ಪ್ರಶ್ನೆ ಅದು, ನನಗೂ ಗೊತ್ತು. ಆದರೆ ಕೈಗಾದ ಬಗ್ಗೆ ಒಂದು ಗಂಟೆ ಕೇಳಲು ತಯಾರಿರುವ ಸಭೆ ಕವಳದ, ಅಂದರೆ ಎಲೆಯಡಿಕೆಯ ಬಗ್ಗೆ ಎರಡು ನಿಮಿಷವಾದರೂ ಕೇಳಬೇಕು. ಬಾಯಿಯ ಕ್ಯಾನ್ಸರ್ ವಿಷಯದಲ್ಲಿ ಸಾಕ್ಷ್ಯ ಎರಡನೆಯದರ ಕಡೆಗೇ ಬೆರಳು ಮಾಡುತ್ತದೆ.

ಕಾಲದ ಜೊತೆ ಬದಲಾಗುವುದಕ್ಕೆ ಬೆಂಗಳೂರಿನ ನೋಂದಣಿಗಿಂತ ಒಳ್ಳೆಯ ಉದಾಹರಣೆ ಬೇಡ. 1982ರಲ್ಲಿ ಎಣಿಕೆ ಶುರುವಾದಾಗ ಅಲ್ಲಿನ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕಂಠದ ಕ್ಯಾನ್ಸರಿಗೆ. ವರ್ಷದಿಂದ ವರ್ಷಕ್ಕೆ ಅದು ಇಳಿಯುತ್ತಾ ಬಂತು, ಸ್ತನ ಕ್ಯಾನ್ಸರ್ ಏರುತ್ತಾ ಹೋಗಿ ಅದನ್ನು ದಾಟಿತು. ಗಮನಿಸಿ, ಆ ಇಳಿತಕ್ಕೆ ಲಸಿಕೆ ಕಾರಣವಲ್ಲ, ಆಗ ಲಸಿಕೆಯೇ ಇರಲಿಲ್ಲ. ಊರೂರಿನ ಎಲ್ಲ ಹೆಂಗಸರನ್ನು ತಪಾಸಣೆ ಮಾಡುವ ಕಾರ್ಯಕ್ರಮವೂ ಇರಲಿಲ್ಲ. ಮದುವೆ ತಡವಾಯಿತು, ಹೆರಿಗೆಗಳು ಕಡಿಮೆಯಾದವು, ಮನೆಯೊಳಗೆ ನೀರು ಮತ್ತು ಸ್ನಾನದ ಕೋಣೆ ಬಂದವು. ಒಂದು ಕ್ಯಾನ್ಸರನ್ನು ತಗ್ಗಿಸಿದ ಈ ಬದಲಾವಣೆಗಳಲ್ಲೇ ಕೆಲವು ಇನ್ನೊಂದನ್ನು ಏರಿಸಿದವು. ಮೊದಲ ಮಗು ತಡವಾದರೆ, ಮಕ್ಕಳು ಕಡಿಮೆಯಾದರೆ, ಎದೆಹಾಲು ಕೊಡುವ ತಿಂಗಳುಗಳು ಕಡಿಮೆಯಾದರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಇದನ್ನು ಕೇಳಿ ಯಾರೂ ಹೆಣ್ಣುಮಕ್ಕಳನ್ನು ಬೇಗ ಮದುವೆ ಮಾಡಿಕೊಡಿ ಎಂದು ಹೊರಡಬಾರದು. ಹಿಂದೆ ಒಂದು ಸಭೆಯಲ್ಲಿ ಹಿರಿಯರೊಬ್ಬರು ಹಾಗೆಯೇ ಎದ್ದು ನಿಂತಿದ್ದರು.

ಏರಿಕೆಯೆಲ್ಲ ನಿಜವಾದ ಏರಿಕೆಯೂ ಅಲ್ಲ. ದಕ್ಷಿಣ ಕೊರಿಯಾದಲ್ಲಿ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟಾಗಿತ್ತು. ಆದರೆ ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಆಗಿದ್ದೇನೆಂದರೆ, ಬೇರೆ ಕ್ಯಾನ್ಸರುಗಳ ತಪಾಸಣೆಗೆ ಬಂದವರಿಗೆ ಸ್ವಲ್ಪ ಹೆಚ್ಚು ಹಣಕ್ಕೆ ಕುತ್ತಿಗೆಯ ಸ್ಕ್ಯಾನನ್ನೂ ಮಾಡುತ್ತಿದ್ದರು. ಜೀವಮಾನವಿಡೀ ಏನೂ ಮಾಡದೆ ಸುಮ್ಮನಿರುತ್ತಿದ್ದ ಸಣ್ಣ ಗಂಟುಗಳು ಸಾಲುಸಾಲಾಗಿ ಕಂಡವು. ಯಾವ ಪ್ರಾಂತ್ಯದಲ್ಲಿ ಹೆಚ್ಚು ಸ್ಕ್ಯಾನ್ ಮಾಡಿದರೋ ಅಲ್ಲಿ ಹೆಚ್ಚು ಕ್ಯಾನ್ಸರ್. 2014ರಲ್ಲಿ ಕೆಲವು ವೈದ್ಯರೇ ಇದು ಸಾಕು ಎಂದು ಬಹಿರಂಗವಾಗಿ ಹೇಳಿದ ಮೇಲೆ ಒಂದೇ ವರ್ಷದಲ್ಲಿ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳು ಮೂರನೇ ಒಂದು ಭಾಗದಷ್ಟು ಇಳಿದವು. ಹಾಗಾಗಿ ಏರಿಕೆಯ ಪಟ್ಟಿಯನ್ನು ಯಾರಾದರೂ ತೋರಿಸಿದರೆ ಪಕ್ಕದಲ್ಲೇ ಸಾವಿನ ಪಟ್ಟಿಯನ್ನೂ ಕೇಳಿ.

ಪಂಜಾಬಿನ "ಕ್ಯಾನ್ಸರ್ ರೈಲು" ನೀವು ಕೇಳಿರಬಹುದು. ಮಾಳ್ವಾ ಸೀಮೆಯ ರೈತರು ಬಠಿಂಡಾದಿಂದ ಬಿಕಾನೇರಿನ ಆಸ್ಪತ್ರೆಗೆ ರಾತ್ರಿ ರೈಲಿನಲ್ಲಿ ಹೋಗುತ್ತಿದ್ದರು. ಕೀಟನಾಶಕದಿಂದ ಇಡೀ ಸೀಮೆಗೆ ಕ್ಯಾನ್ಸರ್ ಬಂದಿದೆ ಎಂಬುದು ದೇಶಕ್ಕೆಲ್ಲ ಗೊತ್ತಾದ ಕಥೆ. 2013ರಲ್ಲಿ ಅಲ್ಲಿನ ಮಾನಸಾ, ಸಂಗರೂರು ಜಿಲ್ಲೆಗಳಲ್ಲಿಯೂ ಚಂಡೀಗಢ, ಮೊಹಾಲಿಗಳಲ್ಲಿಯೂ ಒಟ್ಟಿಗೆ ನೋಂದಣಿ ಆರಂಭಿಸಿದರು. ಹತ್ತಿ ಬೆಳೆಯುವ ಮಾನಸಾದ ದರ ಚಂಡೀಗಢ ನಗರಕ್ಕಿಂತ ಕಡಿಮೆ ಬಂತು. ಇದರಿಂದ ಕೀಟನಾಶಕ ನಿರಪಾಯ ಎಂದಾಗುವುದಿಲ್ಲ, ಅದನ್ನು ಸಿಂಪಡಿಸುವವರ ಮೇಲೆ ಆಗುವ ಪರಿಣಾಮ ಬೇರೆಯೇ ಅಧ್ಯಯನದ ವಿಷಯ. ಆದರೆ ಆ ರೈಲು ತುಂಬಿದ್ದಕ್ಕೆ ಮುಖ್ಯ ಕಾರಣ ಹತ್ತಿರದಲ್ಲಿ ಕೈಗೆಟುಕುವ ಆಸ್ಪತ್ರೆ ಇಲ್ಲದಿದ್ದದ್ದು ಎಂದೇ ನಾನು ಓದಿಕೊಳ್ಳುತ್ತೇನೆ. ಮಂಗಳೂರು, ಮಣಿಪಾಲದ ದಾರಿ ಹಿಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಂಪು ನಿಜವಾಗಿದ್ದ ಉದಾಹರಣೆಯೂ ಇದೆ. ತುರ್ಕಿಯ ಕಪಡೋಕಿಯಾದಲ್ಲಿ ಕರಾಯಿನ್ ಎಂಬ ಹಳ್ಳಿ. ಎಪ್ಪತ್ತರ ದಶಕದಲ್ಲಿ ಅಲ್ಲಿ ಜನ ಮೀಸೊಥೀಲಿಯೋಮಾ ಎಂಬ, ಶ್ವಾಸಕೋಶದ ಪೊರೆಗೆ ಬರುವ ಕ್ಯಾನ್ಸರಿನಿಂದ ಒಬ್ಬರ ಹಿಂದೊಬ್ಬರಂತೆ ಸಾಯುತ್ತಿದ್ದರು. ಬೇರೆ ಕಡೆ ಹತ್ತು ಲಕ್ಷಕ್ಕೆ ಬೆರಳೆಣಿಕೆಯಷ್ಟು ಜನರಿಗೆ ಬರುವ ಕಾಯಿಲೆ ಅದು. ಹುಡುಕಿದಾಗ ಅವರು ಮನೆ ಕಟ್ಟಲು ಬಳಸುತ್ತಿದ್ದ ಕಲ್ಲಿನಲ್ಲಿ ಎರಿಯೊನೈಟ್ ಎಂಬ ನಾರಿನಂಥ ಖನಿಜ ಸಿಕ್ಕಿತು. ಇಲ್ಲಿ ಗಮನಿಸಬೇಕಾದದ್ದು, ಎಲ್ಲರಿಗೂ ಬಂದದ್ದು ಒಂದೇ ಜಾತಿಯ, ಅಪರೂಪದ ಕ್ಯಾನ್ಸರ್. "ನಮ್ಮ ಬೀದಿಯಲ್ಲಿ ಒಬ್ಬರಿಗೆ ಸ್ತನ, ಒಬ್ಬರಿಗೆ ಬಾಯಿ, ಇನ್ನೊಬ್ಬರಿಗೆ ಕರುಳು" ಎಂದಾಗ ಒಂದೇ ಕಾರಣವಿರುವ ಸಂಭವ ಕಡಿಮೆ. "ಮೂರೂ ಮಕ್ಕಳಿಗೆ ರಕ್ತದ ಕ್ಯಾನ್ಸರ್" ಎಂದರೆ ನಾನೂ ಎದ್ದು ಕೂರುತ್ತೇನೆ.

ಈಗ ಕೈಗಾ. ಅಲ್ಲಿನ ಮೊದಲೆರಡು ಘಟಕಗಳು 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದವು, ಈಗ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ವಿಕಿರಣ ಮತ್ತು ಕ್ಯಾನ್ಸರ್ ಎಂದಾಗ ಹತ್ತಿರದ ದೊಡ್ಡ ಅಧ್ಯಯನ ಕೇರಳದ ಕರುನಾಗಪ್ಪಳ್ಳಿಯದು. ಕೊಲ್ಲಂ ಜಿಲ್ಲೆಯ ಆ ಕಡಲತೀರದ ಮರಳಿನಲ್ಲಿ ಮೊನಾಜೈಟ್ ಇದೆ, ಅದರಲ್ಲಿ ಥೋರಿಯಂ. ಅಲ್ಲಿನ ಸಹಜ ವಿಕಿರಣ ಸಾಧಾರಣ ಜಾಗಗಳಿಗಿಂತ ಹಲವು ಪಟ್ಟು. 1990ರಿಂದ ಅಲ್ಲಿ ಕ್ಯಾನ್ಸರ್ ನೋಂದಣಿ ಇದೆ. 30ರಿಂದ 84 ವಯಸ್ಸಿನ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿದರು, 2005ರ ಕೊನೆಗೆ 1,379 ಜನರಿಗೆ ಕ್ಯಾನ್ಸರ್ ಬಂದಿತ್ತು. ಹೆಚ್ಚು ವಿಕಿರಣದ ಮನೆಗಳಲ್ಲಿ ಇದ್ದವರಿಗೆ ಹೆಚ್ಚು ಬಂದದ್ದು ಕಾಣಲಿಲ್ಲ. ಸಣ್ಣ ಪ್ರಮಾಣದ ಅಪಾಯವಿದ್ದರೆ ಅದನ್ನು ಹಿಡಿಯಲು ಇಷ್ಟು ಜನ ಸಾಲರು ಎಂಬ ಆಕ್ಷೇಪಕ್ಕೂ ತೂಕವಿದೆ. ಆದರೂ ಅವರು ಏನು ಮಾಡಿದರು ನೋಡಿ: ಮನೆಮನೆಗೆ ಹೋಗಿ ಒಳಗೂ ಹೊರಗೂ ವಿಕಿರಣ ಅಳೆದರು, ಬೀಡಿ ಸೇದುತ್ತೀರಾ ಎಂದು ಕೇಳಿದರು, ಆಮೇಲೆ ಎಣಿಸಿದರು. ಕೈಗಾದ ಸುತ್ತಲಿನ ಹಳ್ಳಿಗಳಿಗೆ ಅಂಥ ಹೋಲಿಕೆ ಬೇಕಾದರೆ 2000ಕ್ಕೆ ಹಿಂದಿನ ಹತ್ತು ವರ್ಷದ ನೋಂದಣಿ ಇರಬೇಕಿತ್ತು. ಸ್ಥಾವರದ ವಿರೋಧಿಗಳೂ ಬೆಂಬಲಿಗರೂ ಅಂದೇ ಕೂಡಿ ಕೇಳಬೇಕಿದ್ದದ್ದು ಇದನ್ನು.

ಹೋದದ್ದು ಹೋಯಿತು. ಈಗ ಶುರುಮಾಡಿದರೂ ಪ್ರಯೋಜನವಿದೆ ಎನ್ನಲು ನಾನು ಬಾರ್ಶಿಯನ್ನು ತೋರಿಸುತ್ತೇನೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿ, ನಮ್ಮ ಗಡಿಯಿಂದ ಬಹಳ ದೂರವಲ್ಲ. 1987ರಲ್ಲಿ ಅಲ್ಲಿ ದೇಶದ ಮೊದಲ ಗ್ರಾಮೀಣ ನೋಂದಣಿ ಆರಂಭವಾಯಿತು. ಹಳ್ಳಿಯಲ್ಲಿ ಕಾಯಿಲೆಯವರು ಆಸ್ಪತ್ರೆಗೇ ಹೋಗುವುದಿಲ್ಲವಾದ್ದರಿಂದ ದಾಖಲೆ ಕೋಣೆಯಲ್ಲಿ ಕೂತು ಎಣಿಸಿ ಫಲವಿರಲಿಲ್ಲ. ಸಿಬ್ಬಂದಿ ಹಳ್ಳಿ ಹಳ್ಳಿಗೆ ಹೋಗಿ ಸರಪಂಚರು, ಶಾಲೆಯ ಮೇಷ್ಟ್ರು, ದಾಯಿಯರನ್ನು ಕಂಡು, ಮುಟ್ಟು ನಿಂತ ಮೇಲೂ ರಕ್ತಸ್ರಾವವಾಗುವವರು, ಬಾಯಿಯ ಹುಣ್ಣು ಮಾಯದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಹಾಗೆ ಕೇಳುತ್ತಾ ಹೋದದ್ದೇ ತಿಳಿವಳಿಕೆ ಕೊಟ್ಟಂತಾಯಿತು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲಿಗಿಂತ ಎಳೆಯ ಹಂತದಲ್ಲಿ ಪತ್ತೆಯಾಗತೊಡಗಿತು. ಪಕ್ಕದ ಉಸ್ಮಾನಾಬಾದಿನಲ್ಲಿ ಮುಂದೆ 1,31,746 ಹೆಂಗಸರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಒಮ್ಮೆ ಮಾತ್ರ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಾಣು) ಪರೀಕ್ಷೆ ಮಾಡಿ, ಸೋಂಕು ಕಂಡವರಿಗೆ ಮುಂದಿನ ತಪಾಸಣೆ, ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವು ಅರ್ಧದಷ್ಟಕ್ಕೆ ಇಳಿದದ್ದನ್ನು 2009ರಲ್ಲಿ ಪ್ರಕಟಿಸಿದರು.

ನಿಮ್ಮ ಜಿಲ್ಲೆಯಲ್ಲಿ ಇಂಥದ್ದೊಂದು ನಡೆಯಬೇಕಾದರೆ ಎಣಿಸುವವರು ಶಿರಸಿಯಲ್ಲಿ ಕೂತರೆ ಸಾಲದು. ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದಾಖಲೆ ಕೋಣೆಗಳಿಗೂ ಗೋವಾಕ್ಕೂ ಹೋಗಬೇಕು. ಗೋವಾ ಬೇರೆ ರಾಜ್ಯವಾದ್ದರಿಂದ ಅಲ್ಲಿನ ಆರೋಗ್ಯ ಇಲಾಖೆಯ ಒಪ್ಪಿಗೆ ಬೇಕು. ಗ್ರಾಮ ಪಂಚಾಯಿತಿಗಳು ಮರಣದ ಕಾರಣವನ್ನು "ಹೃದಯ ನಿಂತು" ಎಂದು ಬರೆದು ಕೈತೊಳೆದುಕೊಳ್ಳುವುದು ನಿಲ್ಲಬೇಕು. ತಾಲ್ಲೂಕುವಾರು, ವಯಸ್ಸುವಾರು ಜನಸಂಖ್ಯೆ ಮುಂದಿನ ಜನಗಣತಿಯಿಂದ ಸಿಗುತ್ತದೆ. ಬರುವ ಜನವರಿಯಲ್ಲಿ ಮೊದಲ ಕಡತ ತೆರೆದರೂ ಕಾರವಾರ ತಾಲ್ಲೂಕಿಗೂ ಶಿರಸಿ ತಾಲ್ಲೂಕಿಗೂ ಹೋಲಿಸಿ ಮಾತಾಡುವಷ್ಟು ಅಂಕಿ ಕೂಡಲು ಐದು ವರ್ಷ ಬೇಕು. ಆಸ್ಪತ್ರೆ ಬೇಕೆಂದು ಬರೆದ ಮನವಿಯಲ್ಲಿಯೇ ಇದನ್ನೂ ಒಂದು ಸಾಲಾಗಿ ಸೇರಿಸಬಹುದು. ವೆಚ್ಚ ಆಸ್ಪತ್ರೆಯ ಒಂದು ಸ್ಕ್ಯಾನ್ ಯಂತ್ರದಷ್ಟೂ ಆಗುವುದಿಲ್ಲ.